ಬಾಸೆಲ್‌ನಲ್ಲಿ ಕೆಲಸ ಸಿಕ್ಕಿತು, ಫ್ರೈಬುರ್ಗ್‌ನಲ್ಲೇ ಉಳಿದೆವು

ನಾವಿರುವುದು ಜರ್ಮನಿಯ ಫ್ರೈಬುರ್ಗ್‌ನಲ್ಲಿ. ಗಡಿಯಾಚೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಆಫರ್ ಬಂದಾಗ ಸ್ನೇಹಿತರೆಲ್ಲ ಹೇಳಿದ್ದು ಒಂದೇ ಮಾತು: "ಸ್ವಿಸ್‌ನಲ್ಲಿ ಟ್ಯಾಕ್ಸ್ ಕಮ್ಮಿ, ಹೋಗಿಬಿಡು." ಕಮ್ಮಿ ಅನ್ನುವುದೇನೋ ನಿಜ. ಆದರೆ ನಮಗೆ ಇಬ್ಬರು ಪುಟ್ಟ ಮಕ್ಕಳು, ಹೆಂಡತಿ ಸದ್ಯಕ್ಕೆ ಕೆಲಸಕ್ಕೆ ಹೋಗುತ್ತಿಲ್ಲ. ಹಾಗಾಗಿ ಟ್ಯಾಕ್ಸ್ ಎಷ್ಟು ಪರ್ಸೆಂಟ್ ಅನ್ನುವುದನ್ನು ಪಕ್ಕಕ್ಕಿಟ್ಟು, ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ ಅಂತ ಎಕ್ಸೆಲ್‌ನಲ್ಲಿ ಲೆಕ್ಕ ಹಾಕುತ್ತಾ ಕೂತೆ.

ಲೆಕ್ಕ ತಲೆಕೆಳಗಾಗಿದ್ದು ಆರೋಗ್ಯ ವಿಮೆಯಲ್ಲಿ. ಜರ್ಮನಿಯ ಸಾರ್ವಜನಿಕ ವಿಮೆಗೆ ಸಂಬಳದ 14.6%, ಅದರ ಮೇಲೆ ಇನ್ನೊಂದಿಷ್ಟು ಹೋಗುತ್ತದೆ, ಅರ್ಧ ಕಂಪನಿಯೇ ಕಟ್ಟುತ್ತದೆ. ದುಡಿಯದ ಹೆಂಡತಿ, ಮಕ್ಕಳು ಎಲ್ಲರೂ ಅದರಲ್ಲೇ ಬರುತ್ತಾರೆ. ಸ್ವಿಸ್‌ನಲ್ಲಿ ತಲೆಗೊಂದು ಪ್ರೀಮಿಯಂ, ಆಗಷ್ಟೇ ಹುಟ್ಟಿದ ಕೂಸಿಗೂ! ಜೊತೆಗೆ ದೊಡ್ಡವರಾದರೆ ವರ್ಷದ ಮೊದಲ 300 ಫ್ರಾಂಕ್ ಬಿಲ್ಲು ಪೂರ್ತಿ ನಮ್ಮ ಕೈಯಿಂದ, ಪ್ರೀಮಿಯಂ ಕಮ್ಮಿ ಇರಲಿ ಅಂದರೆ 2,500ರವರೆಗೂ. ಆಮೇಲಿನದರಲ್ಲೂ 10% ನಮ್ಮದೇ, ವರ್ಷಕ್ಕೆ 700 ಫ್ರಾಂಕ್ ಆಗುವ ತನಕ. ಹಲ್ಲಿನ ಡಾಕ್ಟರ್ ಖರ್ಚಂತೂ ಹೆಚ್ಚುಕಮ್ಮಿ ಎಲ್ಲವೂ ಸ್ವಂತದ್ದು. ಇದ್ಯಾವುದೂ ಸ್ಯಾಲರಿ ಸ್ಲಿಪ್‌ನಲ್ಲಿ ಕಾಣುವುದಿಲ್ಲ, ಅದಕ್ಕೇ ಅಲ್ಲಿನ ಸಂಬಳ ಅಷ್ಟು ಚೆಂದ ಕಾಣುವುದು.

ಮಕ್ಕಳ ಭತ್ಯೆ ಎರಡೂ ಕಡೆ ಇದೆ. 2025ರಲ್ಲಿ ಜರ್ಮನಿಯಲ್ಲಿ ಮಗುವಿಗೆ ತಿಂಗಳಿಗೆ 255 ಯೂರೋ, ಸ್ವಿಸ್‌ನಲ್ಲಿ ಕನಿಷ್ಠ 215 ಫ್ರಾಂಕ್. ಇದರ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಸುಮ್ನೆ ದಂಡ. ನೋಡಬೇಕಾದ್ದು ಡೇಕೇರ್. ಹೆಂಡತಿ ಮತ್ತೆ ಕೆಲಸಕ್ಕೆ ಸೇರಬೇಕು ಅಂತಿದ್ದಾಳೆ, ಸ್ವಿಸ್ ಊರುಗಳಲ್ಲಿ ಸಹಾಯಧನ ಸಿಗದಿದ್ದರೆ ಒಂದು ಮಗುವಿಗೆ ದಿನಕ್ಕೆ 100 ಫ್ರಾಂಕ್ ದಾಟುವುದು ಮಾಮೂಲಿ. ಇಬ್ಬರಿಗೆ ಎಷ್ಟಾಯಿತು ನೀವೇ ನೋಡಿ. ಇನ್ನೊಂದು ಮಗು ಆದರೆ ಅಲ್ಲಿ ಹೆರಿಗೆ ರಜೆ 14 ವಾರ, 80% ಸಂಬಳ. ಇಲ್ಲಿ ಮಗುವಿಗೆ ಮೂರು ವರ್ಷ ಆಗುವವರೆಗೂ ರಜೆ ಹಾಕಬಹುದು, ಕೆಲಸ ಹೋಗುವುದಿಲ್ಲ. ದುಡ್ಡು ಬರುವುದು ಮಾತ್ರ ಅದರಲ್ಲಿ ಸ್ವಲ್ಪ ಕಾಲವಷ್ಟೇ ಅನ್ನಿ.

ಇಲ್ಲೇ ಇದ್ದು ಅಲ್ಲಿ ದುಡಿಯೋಣ ಅಂತಲೂ ನೋಡಿದೆ. ಹಾಗೆ ಓಡಾಡುವವರಿಗೆ ಸ್ವಿಸ್ 4.5% ಹಿಡಿದುಕೊಳ್ಳುತ್ತದೆ, ಉಳಿದ ಟ್ಯಾಕ್ಸ್ ಜರ್ಮನಿಗೆ, ಅಂದರೆ ಟ್ಯಾಕ್ಸ್ ಲಾಭ ಹೋಯಿತು, ಸಂಬಳದ ಲಾಭ ಉಳಿಯಿತು. ಆದರೆ ನಮ್ಮಂಥ ಇಂಡಿಯನ್ ಪಾಸ್‌ಪೋರ್ಟಿನವರಿಗೆ ಹಾಗೆ ಗಡಿ ದಾಟಿ ದುಡಿಯುವ ಪರ್ಮಿಟ್ ಬೇಕಾದರೆ ಜರ್ಮನಿಯಲ್ಲಿ ಖಾಯಂ ವಾಸದ ಅನುಮತಿ ಇರಬೇಕು. ನನಗಿನ್ನೂ ಅದು ಸಿಕ್ಕಿಲ್ಲ.

ಆಫರ್ ಬೇಡ ಅಂದೆ. ಮದುವೆಯಾಗದ ನನ್ನ ಸ್ನೇಹಿತನೊಬ್ಬ ಅಂಥದೇ ಕೆಲಸಕ್ಕೆ ಬಾಸೆಲ್‌ಗೆ ಹೋದ. ಅವನ ಲೆಕ್ಕ ಹಾಕಿಕೊಟ್ಟವನೂ ನಾನೇ, ಅದರಲ್ಲಿ ಸ್ವಿಸ್ ಸುಲಭವಾಗಿ ಗೆದ್ದಿತ್ತು.