ಭಾನುವಾರ ಊರೊಳಗೆ, ಸೋಮವಾರ ಊರಾಚೆ: ಟಿಟಿ ಇಲ್ಲದೆ ಬೆಂಗಳೂರಲ್ಲಿ ಎರಡು ದಿನ

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಬರುವ ಏಳೆಂಟು ಜನರ ಗುಂಪಿಗೆ ಬೆಂಗಳೂರು ತೋರಿಸೋದು ಅಂದರೆ ಎಲ್ಲರೂ ಮೊದಲು ಟಿಟಿ (ಟೆಂಪೊ ಟ್ರಾವೆಲರ್) ಬುಕ್ ಮಾಡುತ್ತಾರೆ. ಮೆಟ್ರೊ, ರೈಲು, ಆಟೊ ಸೇರಿಸಿ ಮುಗಿಸಬಹುದು ಅಂದಾಗ "ವಯಸ್ಸಾದವರನ್ನ ಕಟ್ಟಿಕೊಂಡು ಆಗೋ ಮಾತಾ" ಅಂದವರೇ ಜಾಸ್ತಿ. ಆಗುತ್ತದೆ. ಅವರಲ್ಲೇ ಕೆಲವರು ಈಗ ನನ್ನ ಪ್ಲಾನ್ ಕೇಳಿ ತಮ್ಮ ನೆಂಟರಿಗೆ ಕಳಿಸುತ್ತಿದ್ದಾರೆ.

ಗುಟ್ಟು ದಿನದ ಆಯ್ಕೆಯಲ್ಲಿದೆ. ಭಾನುವಾರ ಅರ್ಧ ಬೆಂಗಳೂರು ನಂದಿಬೆಟ್ಟ, ಬನ್ನೇರುಘಟ್ಟ ಅಂತ ಹೊರಗೆ ಓಡುತ್ತದೆ. ಆವತ್ತು ನಾವು ಊರೊಳಗಿರಬೇಕು. ಸೋಮವಾರ ಬೆಳಿಗ್ಗೆ ಎಲ್ಲರೂ ಊರೊಳಗೆ ನುಗ್ಗುವಾಗ ನಾವು ಹೊರಗೆ ಹೋಗಬೇಕು. ವಾರದ ರಜೆಗಳೂ ಇದಕ್ಕೇ ಕೂಡಿಬರುತ್ತವೆ: ಎಂಟಿಆರ್ ಹೋಟೆಲ್ ಸೋಮವಾರ ಇಲ್ಲ, ಬನ್ನೇರುಘಟ್ಟ ಜೈವಿಕ ಉದ್ಯಾನವೂ ರಾಮನಗರದ ಜಾನಪದ ಲೋಕವೂ ಮಂಗಳವಾರ ಇಲ್ಲ, ದೋಸೆಯ ವಿದ್ಯಾರ್ಥಿ ಭವನ ಹೋಟೆಲ್ ಶುಕ್ರವಾರ ಇಲ್ಲ. ಭಾನುವಾರ-ಸೋಮವಾರದ ಈ ಜೋಡಣೆಯಲ್ಲಿ ಯಾವುದೂ ತಪ್ಪಲ್ಲ.

ರೈಲು ಬುಕ್ ಮಾಡುವಾಗಲೇ ಕೆಎಸ್‌ಆರ್ ಬೆಂಗಳೂರು (ಮೆಜೆಸ್ಟಿಕ್) ನಿಲ್ದಾಣ ಅಂತ ಖಚಿತ ಮಾಡಿಕೊಳ್ಳಿ. ಎಸ್‌ಎಂವಿಟಿ ಬೈಯಪ್ಪನಹಳ್ಳಿಗೆ ಬಂದಿಳಿದರೆ ಪಕ್ಕದಲ್ಲಿ ಮೆಟ್ರೊ ಇಲ್ಲ, ಮೊದಲ ಆಟೊದಲ್ಲೇ ಉಳಿತಾಯ ಕರಗುತ್ತದೆ. ಬ್ಯಾಗುಗಳು ಕ್ಲೋಕ್ ರೂಮಿಗೆ. ಬೀಗ ಇಲ್ಲದ ಬ್ಯಾಗ್ ತೆಗೆದುಕೊಳ್ಳುವುದಿಲ್ಲ, ಅಲ್ಲೇ ಹೊರಗೆ ಬೀಗ ಹುಡುಕುತ್ತಾ ಅರ್ಧ ಗಂಟೆ ಹಾಳು. ಮುಖ ತೊಳೆಯಲು ಎರಡು ಗಂಟೆ ಮಟ್ಟಿಗೆ ರೂಮು ಕೊಡುವ ಲಾಡ್ಜ್ ಒಂದಿದೆ, ಹೆಸರು ಬರೆದರೆ ಮುಂದಿನ ಸಲ ನನಗೇ ಸಿಗಲ್ಲ!

ಭಾನುವಾರ ಮೆಟ್ರೊ ಶುರುವಾಗುವುದೇ 7ಕ್ಕೆ, ಇದನ್ನು ಮರೆತು 5ಕ್ಕೆ ಬಂದು ಗೇಟಿನ ಮುಂದೆ ನಿಲ್ಲುವವರಿದ್ದಾರೆ. ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗ, ಎರಡನೇ ಸ್ಟೇಷನ್ ಕೆ.ಆರ್. ಮಾರುಕಟ್ಟೆ. ಹೂವಿನ ಮಾರ್ಕೆಟ್ಟಿಗೆ ಅರ್ಧ ಗಂಟೆ ಸಾಕು, ನೆಲ ಒದ್ದೆ ಇರುತ್ತದೆ, ರೇಷ್ಮೆ ಸೀರೆ ಬೇಡ ಅಂತ ಮೊದಲೇ ಹೇಳಿ. ಅಲ್ಲಿಂದ ಒಂದೇ ಸ್ಟೇಷನ್ ನ್ಯಾಷನಲ್ ಕಾಲೇಜು, ಇಳಿದು ಗಾಂಧಿ ಬಜಾರ್. ವಿದ್ಯಾರ್ಥಿ ಭವನದಲ್ಲಿ ಭಾನುವಾರ 8ರ ಮೇಲೆ ದೊಡ್ಡ ಸರದಿ. ಗುಂಪಿನ ಒಬ್ಬ ಹುಡುಗನನ್ನು ಮಾರ್ಕೆಟ್ಟಿಗೆ ಕರೆದೊಯ್ಯದೆ ನೇರ ಇಲ್ಲಿಗೇ ಕಳಿಸಿ, ಹೆಸರು ಬರೆಸಿರಲಿ. ತಿಂಡಿ ಮುಗಿಸಿ ದೊಡ್ಡ ಗಣಪತಿ, ದೊಡ್ಡ ಬಸವಣ್ಣ ನೋಡಿ 10ರ ಹೊತ್ತಿಗೆ ಲಾಲ್‌ಬಾಗ್ ಸೇರಬೇಕು. ಅಲ್ಲಿನ ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ 11 ದಾಟಿದರೆ ಕಾದ ಹೆಂಚು. ಸ್ಟೇಷನ್ ಇರುವುದು ಪಶ್ಚಿಮ ಗೇಟಿನ ಹತ್ತಿರ, ಬಂಡೆಗೆ ಒಳಗಡೆ ಚೆನ್ನಾಗಿಯೇ ನಡೆಯಬೇಕು. ಮಂಡಿ ನೋವಿನವರಿಗೆ ಬ್ಯಾಟರಿ ಗಾಡಿ ಹತ್ತಿಸಿ.

ಮಧ್ಯಾಹ್ನದ ಬಿಸಿಲಿಗೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. ಮಕ್ಕಳಿದ್ದರೆ ಎರಡೂವರೆ ಗಂಟೆ ಇಡಿ, ಒಂದು ಗಂಟೆ ಇಟ್ಟ ಪ್ಲಾನ್ ಎಲ್ಲ ಇಲ್ಲೇ ಕೆಡುವುದು. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ನಡೆದೇ ದಾಟಿ ಕತ್ತಲಾಗುವ ಹೊತ್ತಿಗೆ ವಿಧಾನಸೌಧದ ದೀಪಕ್ಕೆ ಬನ್ನಿ. ಅಲ್ಲೇ ಮೆಟ್ರೊ ಹತ್ತಿದರೆ ಎರಡನೇ ಸ್ಟೇಷನ್ ಮೆಜೆಸ್ಟಿಕ್.

ಸೋಮವಾರ ಬೆಳಿಗ್ಗೆ ಮೈಸೂರು ಕಡೆಯ ಮೆಮು ಅಥವಾ ಪ್ಯಾಸೆಂಜರ್ ರೈಲು, ಇಳಿಯುವುದು ರಾಮನಗರ. ಒಂದು ಗಂಟೆಯ ಆಸುಪಾಸು, ತಲೆಗೆ 15-20 ರೂಪಾಯಿ. ಎದುರು ಹಳಿಯ ರೈಲುಗಳು ಆಫೀಸಿನವರಿಂದ ತುಂಬಿ ಬರುತ್ತಿರುತ್ತವೆ, ನಮ್ಮದರಲ್ಲಿ ಕಿಟಕಿ ಪಕ್ಕ ಸಿಗುತ್ತದೆ. ಬಸ್ಸಿಗೆ ಹೋಗುವವರು ಎಡವುವುದು ಒಂದೇ ಕಡೆ: ಮೈಸೂರು ನಾನ್‌ಸ್ಟಾಪ್ ಹತ್ತುತ್ತಾರೆ. ಅದು ಎಕ್ಸ್‌ಪ್ರೆಸ್‌ವೇ ಹಿಡಿದು ರಾಮನಗರವನ್ನು ಪಕ್ಕಕ್ಕೇ ಬಿಟ್ಟು ಹೋಗುತ್ತದೆ. ಊರೊಳಗೆ ಹೋಗುತ್ತದಾ ಅಂತ ಕಂಡಕ್ಟರ್‌ನ ಕೇಳಿಯೇ ಹತ್ತಬೇಕು.

ರಾಮನಗರದಿಂದ ಎರಡು ಆಟೊ ಮಾತಾಡಿ, ಜಾನಪದ ಲೋಕ ಮತ್ತು ಚನ್ನಪಟ್ಟಣ ಸೇರಿಸಿ, ಕಾಯುವ ಹೊತ್ತಿಗೂ ಲೆಕ್ಕ ಹಿಡಿದು. ಎರಡೂ ಆಟೊಗೆ ಸೇರಿ 1,500ರ ಹತ್ತಿರ ಬರುತ್ತದೆ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಹಳ್ಳಿಯಿಂದ ಬಂದ ಅಜ್ಜಿಯರೇ ಗೈಡು, ನಾವು ಸುಮ್ಮನಿದ್ದರೆ ಸಾಕು. ಚನ್ನಪಟ್ಟಣದಲ್ಲಿ ಹೆದ್ದಾರಿ ಬದಿಯ ಅಂಗಡಿಗೆ ಮೊದಲು ಹೋಗಬೇಡಿ, ಕೆಲಸ ನಡೆಯುವ ಮನೆ ಹುಡುಕಿ. ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತುತ್ತದೆ. ಮೇಲೆ ಒಣಗರಿ ಹಿಡಿದರೆ ಕಣ್ಣೆದುರೇ ಹೊಳಪು. ಅದನ್ನು ನೋಡಿದ ಮೇಲೆ ಗೊಂಬೆಗೆ ಯಾರೂ ಚೌಕಾಸಿ ಮಾಡಲ್ಲ. ಯಾವ ಬೀದಿ ಅಂತ ಆಟೊದವರೇ ಹೇಳುತ್ತಾರೆ.

ವಾಪಸಿಗೆ ರೈಲು ತಪ್ಪಿದರೆ ಹಳೇ ರಸ್ತೆಯ ಬಸ್ಸಲ್ಲಿ ಕೆಂಗೇರಿಗೆ ಬಂದಿಳಿದು ನೇರಳೆ ಮಾರ್ಗ ಹಿಡಿಯಿರಿ. ಅದೇ ಬಸ್ಸಲ್ಲಿ ಮೆಜೆಸ್ಟಿಕ್‌ವರೆಗೆ ಕೂತರೆ ಸಂಜೆ ಹೊತ್ತು ಎಷ್ಟಾಗುತ್ತದೋ ದೇವರಿಗೇ ಗೊತ್ತು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ ಪುಕ್ಕಟೆ, ಆದರೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಕೈಯಲ್ಲಿರಬೇಕು. ಪುಣೆ, ಮುಂಬೈಯಿಂದ ಬಂದ ಅತ್ತೆಯಂದಿರಿಗೆ ಟಿಕೆಟ್ ತಗೊಳ್ಳಲೇಬೇಕು.

ಲೆಕ್ಕ: ಟಿಟಿ ದಿನಕ್ಕೆ 5,500-6,000, ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್ ಸೇರಿ ಎರಡು ದಿನಕ್ಕೆ 13,000 ದಾಟುತ್ತದೆ. ಕಿಲೋಮೀಟರ್ ಲೆಕ್ಕದಲ್ಲಿ ಹಿಡಿದರೆ ಓಡಲಿ ಬಿಡಲಿ ದಿನಕ್ಕೆ 250 ಕಿ.ಮೀ. ಕನಿಷ್ಠ ಹಾಕುತ್ತಾರೆ. ನನ್ನ ದಾರಿಯಲ್ಲಿ 8 ಜನಕ್ಕೆ ಓಡಾಟ 3,500ರೊಳಗೆ, ಊಟ-ರೂಮು ಬೇರೆ. ಮೆಟ್ರೊದ ಒಂದು ದಿನದ ಪಾಸ್ 300ರ ಹತ್ತಿರ ಇದೆ, ಬೇಡ. ಈ ಓಡಾಟಕ್ಕೆ ತಲೆಗೆ 100 ಆದರೆ ಹೆಚ್ಚು.

ಸೋಮವಾರಕ್ಕೆ ನಂದಿ ಹಾಲ್ಟ್ ರೈಲನ್ನೂ ಪ್ರಯೋಗ ಮಾಡಿದ್ದೇನೆ. ಇಳಿದು ನಡೆದರೆ ಬೆಟ್ಟದ ಬುಡದ ಭೋಗನಂದೀಶ್ವರ ದೇವಸ್ಥಾನ ಸಿಗುತ್ತದೆ, ಕಲ್ಯಾಣಿ ಒಂದಕ್ಕೇ ಹೋಗಬಹುದು. ಆದರೆ ರೈಲುಗಳು ಕಡಿಮೆ, ಒಂದು ತಪ್ಪಿದರೆ ಅರ್ಧ ದಿನ ಹೋಯಿತು. ಹುಡುಗರ ಗುಂಪಿಗೆ ಸರಿ.

ಕ್ಯಾಲೆಂಡರ್ ಒಮ್ಮೆ ನೋಡಿಕೊಳ್ಳಿ. ಆಗಸ್ಟ್ 15, ಜನವರಿ 26ರ ಫಲಪುಷ್ಪ ಪ್ರದರ್ಶನದ ಭಾನುವಾರಗಳಲ್ಲಿ ಲಾಲ್‌ಬಾಗ್ ಬಿಟ್ಟುಬಿಡಿ. ಕಾರ್ತಿಕದ ಕಡೇ ಸೋಮವಾರ ಬಿದ್ದರೆ ರಾಮನಗರವನ್ನೇ ಬಿಟ್ಟು ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಬೆಳಿಗ್ಗೆ 9ರೊಳಗೆ ಹೋಗಿ, ಸಂಜೆ ಕಾಲಿಡಲು ಜಾಗ ಇರಲ್ಲ.