ದಾಸರ ಪದಕ್ಕೆ ಕೀಬೋರ್ಡಿನಲ್ಲಿ ಟ್ರ್ಯಾಕ್ ತಿದ್ದುವುದು

ನಮ್ಮ ರಾಯಚೂರು ಜಿಲ್ಲೆಯಲ್ಲಿ ದಾಸರ ಪದಗಳಿಗೆ ಬರವಿಲ್ಲ. ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಮಾನ್ವಿ ಎರಡೂ ಇಲ್ಲೇ ಇವೆ. ಬರ ಇರುವುದು ತಬಲಾದವರಿಗೆ. ಏಕಾದಶಿ, ಆರಾಧನೆ ಬಂತೆಂದರೆ ಒಬ್ಬರೂ ಕೈಗೆ ಸಿಗುವುದಿಲ್ಲ. ಹಾಗಾಗಿ ನಮ್ಮ ಓಣಿಯ ಮಹಿಳಾ ಭಜನಾ ಮಂಡಳಿಗೆ ನಾನು ಕೀಬೋರ್ಡಿನಲ್ಲೇ ಪಕ್ಕವಾದ್ಯ ರೆಕಾರ್ಡ್ ಮಾಡಿ ಕೊಡುತ್ತೇನೆ. ನುಡಿಸುವುದು ಬೇಗ ಮುಗಿಯುತ್ತದೆ. ತಿದ್ದುವುದೇ ದೊಡ್ಡ ಕೆಲಸ.

ಸಾಂಗ್ ರೆಕಾರ್ಡಿಂಗ್‌ನಲ್ಲಿ ಉಳಿಯುವುದು ಧ್ವನಿ ಅಲ್ಲ. ಕೀಬೋರ್ಡಿನ ಯಾವ ಮನೆ (ಕೀ) ಒತ್ತಿದಿರಿ, ಯಾವಾಗ, ಎಷ್ಟು ಹೊತ್ತು, ಎಷ್ಟು ಜೋರಾಗಿ, ಈ ಲೆಕ್ಕ ಮಾತ್ರ. ಇದೇ ಮಿಡಿ. ಇದರಲ್ಲಿ 16 ಚಾನೆಲ್ ಇರುತ್ತವೆ, ಒಂದೊಂದು ವಾದ್ಯಕ್ಕೆ ಒಂದೊಂದು ಅಂತ ಇಟ್ಟುಕೊಳ್ಳಬಹುದು. ಬರೀ ಲೆಕ್ಕ ಆಗಿರುವುದರಿಂದಲೇ ಒಂದೊಂದು ಸ್ವರವನ್ನೂ ಆಮೇಲೆ ಹಿಡಿದು ತಿದ್ದಬಹುದು. ತಾಳವನ್ನು ಮಾತ್ರ ರೆಕಾರ್ಡಿಂಗ್‌ಗೆ ಮೊದಲೇ ಹೊಂದಿಸಬೇಕು. ಕೇರವಾಕ್ಕೆ 4/4, ದಾದ್ರಾಕ್ಕೆ 6/8. ದಾದ್ರಾವನ್ನು ಸುಮ್ನೆ 4/4ರಲ್ಲಿ ನುಡಿಸಿದರೆ ಯಾವ ಆವರ್ತನ ಎಲ್ಲಿ ಶುರುವಾಯಿತು ಅಂತ ಹುಡುಕುವುದೇ ಆಗುತ್ತದೆ.

ಹೊಸಬರೆಲ್ಲ ಮೊದಲು ಕೈ ಹಾಕುವುದು ಕ್ವಾಂಟೈಸ್‌ಗೆ. ಹಿಂದೆ ಮುಂದೆ ಬಿದ್ದ ಸ್ವರಗಳನ್ನು ಅದು ಮಾತ್ರೆಯ ಗೆರೆಗೆ ಎಳೆದು ಕೂರಿಸುತ್ತದೆ. ಬೇಸ್‌ಗೆ ನಾನು ಪೂರ್ತಿ ಹಾಕುತ್ತೇನೆ. ತಬಲಾಕ್ಕೆ ಈ ಎಳೆತದ ಬಲವನ್ನು ನೂರಕ್ಕೆ 50ರ ಆಸುಪಾಸು ಇಡುತ್ತೇನೆ. ಹಾರ್ಮೋನಿಯಂ ಟ್ರ್ಯಾಕನ್ನು ಮುಟ್ಟುವುದೇ ಇಲ್ಲ. ಮುರ್ಕಿಯಲ್ಲಿ ಮೂರ್ನಾಲ್ಕು ಸ್ವರ ಒಂದೇ ಉಸಿರಿಗೆ ಬಂದು ಹೋಗುತ್ತವೆ, ಅಲ್ವಾ? ಕ್ವಾಂಟೈಸ್ ಅವನ್ನು ಒಂದೇ ಗೆರೆಯ ಮೇಲೆ ರಾಶಿ ಹಾಕುತ್ತದೆ. ಕೇಳಿದರೆ ಮುರ್ಕಿ ಇರುವುದಿಲ್ಲ, ಎರಡು ಮೂರು ಮನೆ ಒಟ್ಟಿಗೆ ಒತ್ತಿದ ಸದ್ದು ಬರುತ್ತದೆ. ಹಾರ್ಮೋನಿಯಂ ಎಲ್ಲಾದರೂ ತಪ್ಪಿದ್ದರೆ ಅಷ್ಟೇ ಆವರ್ತನಗಳನ್ನು ಪಂಚ್ ಇನ್, ಪಂಚ್ ಔಟ್ (ಮರು ರೆಕಾರ್ಡಿಂಗ್ ಶುರುವಾಗುವ, ನಿಲ್ಲುವ ಜಾಗ) ಇಟ್ಟು ಮತ್ತೆ ನುಡಿಸುತ್ತೇನೆ. ಎರಡು ಆವರ್ತನ ಹಿಂದಿನಿಂದ ಹಚ್ಚಿದರೆ ಕೈಗೆ ಲಯ ಸಿಗುತ್ತದೆ.

ಒಂದೇ ಸ್ವರ ಒರಟಾಗಿ ಎದ್ದು ಕೇಳಿಸಿದರೆ ಅದಕ್ಕಾಗಿ ಮತ್ತೆ ನುಡಿಸಬೇಕಿಲ್ಲ. ಒತ್ತಿದ ಸ್ವರಗಳ ಪಟ್ಟಿ, ಅಂದರೆ ಈವೆಂಟ್ ಲಿಸ್ಟ್ ತೆರೆದು ಆ ಸ್ವರದ ವೆಲಾಸಿಟಿ (ಒತ್ತಿದ ಜೋರು) ಇಳಿಸಿದರೆ ಆಯಿತು. ಅದರ ಮೇಲಿನ ಮಿತಿ 127. ಹಾರ್ಮೋನಿಯಂಗೆ 80, 90 ನನಗೆ ಹಿತ ಅನ್ನಿಸುತ್ತದೆ.

ಶ್ರುತಿಯದು ಇನ್ನೊಂದು ಕಥೆ. ನಾನು ಕರಿ ಒಂದರಲ್ಲಿ, ಅಂದರೆ ಮೊದಲ ಕರಿ ಮನೆಯನ್ನು ಷಡ್ಜ ಮಾಡಿಕೊಂಡು ನುಡಿಸಿರುತ್ತೇನೆ. ಮಂಡಳಿಯಲ್ಲಿ ಹಾಡುವ ಅಕ್ಕೋರು ಬಂದು “ಕರಿ ಐದಕ್ಕ ಇಳಿಸ್ರಿ” ಅಂತಾರೆ. ಚಾನೆಲ್ ಟ್ರಾನ್ಸ್‌ಪೋಸ್‌ನಲ್ಲಿ ಬಿಳಿ, ಕರಿ ಎರಡೂ ಎಣಿಸಿ ಮೂರು ಮನೆ ಇಳಿಸಿದರೆ ಸಾಕು. ಆದರೆ ತಾಳದ ಚಾನೆಲ್ ಬಿಟ್ಟು. ಅಲ್ಲಿ ಒಂದೊಂದು ಮನೆಗೂ ಒಂದೊಂದು ಪೆಟ್ಟು ಕೂತಿರುತ್ತದೆ. ಅದನ್ನೂ ಇಳಿಸಿದರೆ ತಬಲಾದ “ಧಾ” ಇದ್ದ ಜಾಗದಲ್ಲಿ ಕೈತಾಳದ ಸದ್ದು ಬಂದರೂ ಬಂತು.

ಪ್ರತಿ ತಿದ್ದುಪಡಿ ಆದಮೇಲೆ ಹೊಸ ಹೆಸರಿನಲ್ಲಿ ಸೇವ್ ಮಾಡುತ್ತೇನೆ. ಸೇವ್ ಮಾಡದೆ ಕರೆಂಟ್ ಹೋದರೆ ಎಲ್ಲ ಹೋಯಿತು. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟನ್ನು ನಂಬುವವರು ಯಾರು?

ಬೇರೆಯವರ ಕೀಬೋರ್ಡಿಗೆ ಕೊಡುವುದಿದ್ದರೆ ಮಿಡಿ ಫೈಲ್ ಕೊಡುವುದಿಲ್ಲ. ಎಲ್ಲ ಕಂಪನಿಗಳೂ ಒಪ್ಪಿಕೊಂಡ ಜನರಲ್ ಮಿಡಿಯ 128 ದನಿಗಳಲ್ಲಿ ಸಿತಾರ್ ಇದೆ, ಶಹನಾಯಿ ಇದೆ, ತಬಲಾ ಮಾತ್ರ ಇಲ್ಲ. ಅವರ ಕೀಬೋರ್ಡಿನಲ್ಲಿ ನನ್ನ ತಬಲಾ ಬ್ಯಾಂಡ್‌ಸೆಟ್ ಡ್ರಮ್ ಆಗಿ ಬಡಿದುಕೊಳ್ಳುತ್ತದೆ. ಅಂಥವರಿಗೆ ಆಡಿಯೋ ಮಾಡಿ ಪೆನ್‌ಡ್ರೈವ್‌ಗೆ ಹಾಕಿ ಕೊಡುತ್ತೇನೆ. ಅದನ್ನು ಹೀಗೆ ಬಿಡಿಬಿಡಿಯಾಗಿ ತಿದ್ದಲು ಬರುವುದಿಲ್ಲ, ಅದಕ್ಕೇ ಮೊದಲು ಅಕ್ಕೋರ ಹತ್ತಿರ ಶ್ರುತಿ ಗಟ್ಟಿ ಮಾಡಿಕೊಂಡಿರುತ್ತೇನೆ.