ನಿಮ್ಮ ಸ್ಟಾರ್ಟಪ್‌ಗೆ ಯಾವ ಲೆಕ್ಕ ಮುಖ್ಯ?

ಹೊಸದಾಗಿ ಸ್ಟಾರ್ಟಪ್ ಶುರು ಮಾಡಿದವರನ್ನು ‘ಹೇಗೆ ನಡೀತಿದೆ?’ ಅಂತ ಕೇಳಿ. ‘ಹತ್ತು ಸಾವಿರ ಡೌನ್‌ಲೋಡ್ ಆಯ್ತು’ ಎನ್ನುತ್ತಾರೆ. ಅದರಲ್ಲಿ ಎಷ್ಟು ಜನ ಆ್ಯಪ್ ಇನ್ನೂ ಇಟ್ಟುಕೊಂಡಿದ್ದಾರೆ ಅಂದರೆ ಮಾತು ಬದಲಾಗುತ್ತದೆ. ಒಟ್ಟು ಡೌನ್‌ಲೋಡ್ ಇಳಿಯುವ ಲೆಕ್ಕವೇ ಅಲ್ಲ. ಅದಕ್ಕೇ ಎಲ್ಲರಿಗೂ ಅದು ಇಷ್ಟ.

ಹೆಜ್ಜೆ 1: ದುಡ್ಡು ಎಲ್ಲಿಂದ ಬರುತ್ತದೆ ಎಂದು ಒಂದೇ ಸಾಲಿನಲ್ಲಿ ಬರೆಯಿರಿ. ತಿಂಗಳ ಚಂದಾನಾ, ಆರ್ಡರ್ ಮೇಲಿನ ಕಮಿಷನ್ನಾ, ಜಾಹೀರಾತಾ? ಯಾವ ಅಂಕಿ ನೋಡಬೇಕು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಹೆಜ್ಜೆ 2: ಕಮಿಷನ್ ವ್ಯಾಪಾರವಾದರೆ ಒಂದೇ ಒಂದು ಆರ್ಡರ್ ಬಿಡಿಸಿ ನೋಡಿ. ಊಟದ ಬಿಲ್ 300 ರೂಪಾಯಿ ಎಂದುಕೊಳ್ಳಿ. ಹೋಟೆಲಿನಿಂದ ಕಮಿಷನ್ 60, ಗ್ರಾಹಕರಿಂದ ಡೆಲಿವರಿ ಶುಲ್ಕ 20. ಕೈಗೆ ಬಂದದ್ದು 80. ಡೆಲಿವರಿ ಹುಡುಗನಿಗೆ 45, ಪೇಮೆಂಟ್ ಗೇಟ್‌ವೇಗೆ 6, ಕೂಪನ್‌ಗೆ 30 ಕೊಟ್ಟಿರಿ. ಹೋದದ್ದು 81. ಈಗ ಆರ್ಡರ್ ಜಾಸ್ತಿಯಾದಷ್ಟೂ ನಷ್ಟವೂ ಜಾಸ್ತಿ! 2014ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 2024ರಲ್ಲಿ ಷೇರುಪೇಟೆಗೆ ಬಂದ ಸ್ವಿಗ್ಗಿ ಕೂಡ ಒಟ್ಟು ಆರ್ಡರ್ ಮೊತ್ತವನ್ನೂ ಕಾಂಟ್ರಿಬ್ಯೂಷನ್ ಮಾರ್ಜಿನ್ನನ್ನೂ (ಆರ್ಡರ್‌ಗೆ ತಗಲುವ ಇಂಥ ಖರ್ಚು ಕಳೆದು ಉಳಿಯುವುದು) ಬೇರೆ ಬೇರೆಯಾಗಿ ತೋರಿಸುತ್ತದೆ. ನೀವು ಎರಡನೆಯದನ್ನು ಮೊದಲು ನೋಡಿ.

ಹೆಜ್ಜೆ 3: ಚಂದಾ ಪಡೆಯುವ ಸಾಫ್ಟ್‌ವೇರ್ ಆದರೆ ಬಿಟ್ಟು ಹೋಗುವವರನ್ನು ಎಣಿಸಿ. ಇದಕ್ಕೆ ಚರ್ನ್ ಎನ್ನುತ್ತಾರೆ. ತಿಂಗಳ ಆರಂಭದಲ್ಲಿ 200 ಗ್ರಾಹಕರು, ಕೊನೆಗೆ 10 ಮಂದಿ ಹೋದರು: ಚರ್ನ್ ಶೇ 5. ಕೇಳೋಕೆ ಕಡಿಮೆ ಅನ್ನಿಸುತ್ತದೆ ಅಲ್ವಾ? ಹೀಗೇ ವರ್ಷ ಕಳೆದರೆ ಆ 200ರಲ್ಲಿ ಉಳಿಯುವುದು ಸುಮಾರು 108 ಜನ.

ಹೆಜ್ಜೆ 4: ಒಬ್ಬ ಗ್ರಾಹಕರನ್ನು ತರಲು ಎಷ್ಟು ಖರ್ಚಾಯಿತು? ಜಾಹೀರಾತಿಗೆ 50 ಸಾವಿರ, ಮಾರಾಟದವರ ಸಂಬಳ 40 ಸಾವಿರ, ಬಂದ ಗ್ರಾಹಕರು 30. ತಲೆಗೆ 3,000 ಬಿತ್ತು. ಸಂಬಳ ಸೇರಿಸುವುದನ್ನು ಬಹಳ ಜನ ಮರೆಯುತ್ತಾರೆ (ಮರೆತಂತೆ ಇರುವವರೂ ಉಂಟು). ಸರ್ವರ್ ಖರ್ಚು ಕಳೆದು ಒಬ್ಬರಿಂದ ತಿಂಗಳಿಗೆ 400 ಉಳಿದರೆ ಅಸಲು ವಾಪಸ್ಸಾಗಲು ಏಳೂವರೆ ತಿಂಗಳು ಬೇಕು. ಚರ್ನ್ ಶೇ 5 ಇದ್ದಾಗ ಗ್ರಾಹಕರು ಸರಾಸರಿ 20 ತಿಂಗಳು ಇರುತ್ತಾರೆ, ಅಂದರೆ 8,000 ರೂಪಾಯಿ. ತಂದ ಖರ್ಚಿನ ಮೂರು ಪಟ್ಟಾದರೂ ಬರಬೇಕು ಎಂಬುದು ಹೂಡಿಕೆದಾರರ ರೂಢಿ. ಇಲ್ಲಿ ಸಾವಿರ ಕಡಿಮೆ ಬಿತ್ತು.

ಹೆಜ್ಜೆ 5: ಜಾಹೀರಾತು ನಂಬಿದ ಆ್ಯಪ್ ಆದರೆ ತಿಂಗಳ ಬಳಕೆದಾರರಲ್ಲಿ ದಿನವೂ ಬರುವವರು ಎಷ್ಟು ಎಂದು ನೋಡಿ. ಬಾಡಿಗೆ ಮನೆ ಹುಡುಕುವ ಆ್ಯಪ್‌ಗೆ ಮಾತ್ರ ಈ ಅಳತೆ ಬೇಡ. ಮನೆ ಸಿಕ್ಕ ಮೇಲೆ ಯಾರು ಸುಮ್ನೆ ದಿನಾ ತೆರೆಯುತ್ತಾರೆ?

ಹೆಜ್ಜೆ 6 ಎಲ್ಲರಿಗೂ. ಬ್ಯಾಂಕಿನಲ್ಲಿ 24 ಲಕ್ಷ ಇದೆ, ತಿಂಗಳ ಆದಾಯಕ್ಕಿಂತ ಖರ್ಚು 3 ಲಕ್ಷ ಹೆಚ್ಚು ಅಂದರೆ ರನ್‌ವೇ (ಕೈಲಿರುವ ದುಡ್ಡು ಖಾಲಿಯಾಗುವವರೆಗಿನ ಸಮಯ) 8 ತಿಂಗಳು. ಹೂಡಿಕೆದಾರರನ್ನು ಹುಡುಕುವುದರಲ್ಲೇ ಕೆಲವು ತಿಂಗಳು ಹೋಗಿಬಿಡುತ್ತವೆ. ಹಾಗಾಗಿ ಎಂಟನೇ ತಿಂಗಳವರೆಗೆ ಕಾಯಬೇಡಿ, ಈಗಲೇ ಓಡಾಟ ಶುರು ಮಾಡಿ.